ಹತ್ತನೇ ಕುರಿಯ ನಂಬರು

ವೈಜಿನಾಥನ ಕಾಲಿಗೆ ಚಕ್ರ ಇದೆಯೆಂಬುದು ಜಹೀರಾಬಾದಿಗೆಲ್ಲ ಗೊತ್ತು. ಕುರ್ಚಿ ಬೆಚ್ಚಗಾಗುವಷ್ಟು ಹೊತ್ತು ಅವನು ಎಲ್ಲೂ ಕೂತವನಲ್ಲ. ಅಂಗಡಿಗಳ ಕಂಪ್ಯೂಟರ್ ರಿಪೇರಿ ಅವನ ಕಸುಬು; ಕೆಲಸ ಮುಗಿಯುವ ಮೊದಲೇ "ಆತು" ಎಂದು ಚೀಲ ಹೆಗಲಿಗೇರಿಸುವುದು ಅವನ ಅಭ್ಯಾಸ.

ನಾರಾಯಣಖೇಡದ ಕುರಿ ಸಂತೆಯ ಪಕ್ಕದಲ್ಲಿ ಖಾಸಗಿ ತಪಾಸಣೆಯ ಅಂಗಡಿಯೊಂದಿದೆ. ಕುರಿಗೆ ರೋಗವಿದೆಯೇ ಎಂದು ನೋಡಿ, ಕಿವಿಬಿಲ್ಲೆಯ ನಂಬರು ಹಾಕಿ ಚೀಟಿ ಕೊಡುತ್ತಾರೆ. ಚೀಟಿ ಇಲ್ಲದ ಕುರಿಯನ್ನು ಲಾರಿಯವರು ಹತ್ತಿಸಿಕೊಳ್ಳುವುದಿಲ್ಲ. ನಂಬರುಗಳನ್ನು ಸಾಲಾಗಿ ಹೊಡೆದರೆ ಚೀಟಿಯ ಪ್ರೋಗ್ರಾಮಿಗೆ ದಾಟಿಸುವ, ನಾಲ್ಕಾರು ಆಜ್ಞೆಗಳ ಪುಟ್ಟ ಬ್ಯಾಚ್ ಫೈಲು ವೈಜಿನಾಥನದೇ. ಅದನ್ನೇ ತಾಂಡೂರಿನ ಇಂಥದೇ ಅಂಗಡಿಗೂ ಹಾಕಿಕೊಟ್ಟಿದ್ದ. ಪರೀಕ್ಷೆ ಮಾಡಿದ್ದು ಮೂರು ನಂಬರಿನಲ್ಲಿ. ಸಂತೆಗೆ ಬರುವವರು ತರುವುದೂ ಎರಡೋ ಮೂರೋ ಕುರಿ.

ಆ ದಿನ ನ್ಯಾಲ್ಕಲ್ ಕಡೆಯ ಗುಂಡಮ್ಮ ಹತ್ತು ತಂದಿದ್ದಳು. ಪ್ರಿಂಟರ್ ನೋಡಲು ವೈಜಿನಾಥ ಬಂದಾಗ ಬಾಗಿಲಲ್ಲೇ ಜಗಳ.

"ಚೀಟ್ಯಾಗ 3170 ಅದ, ಕುರಿ ಕಿವ್ಯಾಗ 562 ಅದ. ತೋರಿಸಿದ ಕುರಿ ಬ್ಯಾರೆ, ಮಾರಾಕ ತಂದಿದ್ದು ಬ್ಯಾರೆ. ಕಳ್ಳಿ!" ಎಂದು ವ್ಯಾಪಾರಿಯ ಕಡೆಯ ಪಾಂಡಪ್ಪ ಕೂಗುತ್ತಿದ್ದ. ಲಾರಿಯ ಇಂಜಿನ್ ಆಗಲೇ ಗುರ್ ಎನ್ನುತ್ತಿತ್ತು.

"ಕಂಪ್ಯೂಟರ್ ಸುಳ್ಳು ಹೇಳಂಗಿಲ್ಲ ಯವ್ವಾ," ಎಂದ ವೈಜಿನಾಥ, ಗಡಿಯಾರ ನೋಡುತ್ತ.

"ಹೌದೇನಪಾ? ಹಂಗಾರ ನಾಳಿಂದ ಅದನ್ನೇ ಕುರಿ ಕಾಯಾಕ ಕಳಸು!" ಎಂದಳು ಗುಂಡಮ್ಮ.

ಸುತ್ತಲಿನವರು ನಕ್ಕರು. ಗುಂಡಮ್ಮ ನಗಲಿಲ್ಲ. ಇಂದು ಕಳ್ಳಿ ಎನಿಸಿಕೊಂಡವಳ ಕುರಿಯನ್ನು ಮುಂದಿನ ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ.

ವೈಜಿನಾಥ ಚೀಟಿ ಕಸಿದುಕೊಂಡ. ಮೊದಲ ಸಾಲು 317, ಕೊನೆಯದು 3170. ಬ್ಯಾಚ್ ಫೈಲಿಗೆ ಸಾಲಿನ ಒಂದರಿಂದ ಒಂಬತ್ತನೆಯ ಜಾಗದವರೆಗೆ ಮಾತ್ರ ಗುರುತು ಸಿಗುತ್ತದೆ; 'ಹತ್ತನೆಯದು' ಎಂದರೆ ಒಂದನೆಯದನ್ನೇ ತಂದು ಪಕ್ಕಕ್ಕೊಂದು ಸೊನ್ನೆ ಅಂಟಿಸುತ್ತದೆ.

"ನೀ ಕುರಿ ಹ್ಯಾಂಗ ಎಣಸ್ತಿ?" ಎಂದು ಒಳಗೆ ಹೋಗುತ್ತ ಗುಂಡಮ್ಮನನ್ನು ಸುಮ್ಮನೆ ಬಾಯಿಗೆ ಬಂದದ್ದು ಕೇಳಿದ, ಕೈ ಆಗಲೇ ಕೀಬೋರ್ಡಿನ ಮೇಲಿತ್ತು.

"ಹತ್ತನೇದು ಯಾವುದಂತ ಯಾರು ಹುಡಕ್ತಾರ? ದೊಡ್ಡಿ ಬಾಗಿಲಾಗ ನಿಂದ್ರತೀನಿ. ಮುಂದಿಂದು ದಾಟ್ತದ, ಹಿಂದಿಂದು ಆ ಜಾಗಕ್ಕ ಬರ್ತದ. ಖಾಲಿ ಆಗೂತನ ಅಷ್ಟೇ."

ಅವನ ಬೆರಳು ನಿಂತಿತು. ಬರೆದಿದ್ದ ಉದ್ದನೆಯ ಸಾಲನ್ನು ಅಳಿಸಿದ. ಮುಂದಿನ ನಂಬರು ತಗೋ, ಬರೆ, ಉಳಿದವನ್ನು ಒಂದೊಂದು ಹೆಜ್ಜೆ ಮುಂದೆ ಸರಿಸು, ಖಾಲಿಯಾಗುವ ತನಕ ಮತ್ತೆ ಅದೇ. ನಾಲ್ಕು ಸಾಲಿನ ಕೆಲಸ. ಹೊಸ ಚೀಟಿಯಲ್ಲಿ ಹತ್ತನೆಯದು 562 ಎಂದೇ ಬಂತು. "ಆತು" ಎಂದು ಚೀಟಿ ಚಾಚಿದ.

ಗುಂಡಮ್ಮ ಕೈ ಚಾಚಲಿಲ್ಲ. "ಏನು ಆತು? ಕಳ್ಳಿ ಅಂದಿದ್ದು ಮಂದಿ ಮುಂದ. ತಪ್ಪು ಯಾರದಂತ ಮಂದಿ ಮುಂದೇ ಹೇಳು."

ಪ್ರಿಂಟರ್ ಮೇಲೆ ಹಾಕಬಹುದಿತ್ತು, ಕರೆಂಟಿನ ಮೇಲೂ ಹಾಕಬಹುದಿತ್ತು. ಇಂಥ ನೆಪಗಳಿಗೆ ಅವನಲ್ಲಿ ಬರವಿಲ್ಲ. ಆದರೆ ಅವಳು ಅಲುಗಲಿಲ್ಲ. ವೈಜಿನಾಥ ಹೊರಗೆ ಬಂದು ಲಾರಿಯ ಸದ್ದಿನ ಮೇಲೆ ಕೂಗಿದ: "ಪಾಂಡಪ್ಪಾ, ಇಂಜಿನ್ ಬಂದ್ ಮಾಡಸು! ಕುರಿ ಆಕಿದೇ. ನಂಬರ್ ಕೆಡಿಸಿದಾಂವ ನಾನು."

"ಜೋರಾಗಿ ಹೇಳೋ, ಹಿಂದಿನವ್ರಿಗಿ ಕೇಳಸಿಲ್ಲ," ಎಂದಿತು ಯಾವುದೋ ದನಿ. ಮತ್ತೊಮ್ಮೆ ಹೇಳಿದ.

ಪಾಂಡಪ್ಪ ಗುಂಡಮ್ಮನ ಕಡೆ ನೋಡದೆ ಲಾರಿಯ ಹಿಂಬಾಗಿಲು ತೆಗೆಸಿದ. ಅವಳು ಪಕ್ಕದಲ್ಲಿ ನಿಂತು ಒಂದೊಂದನ್ನೇ ಹತ್ತಿಸಿದಳು.

ವೈಜಿನಾಥ ನೋಡುತ್ತ ನಿಲ್ಲಲಿಲ್ಲ. ತಾಂಡೂರಿನಲ್ಲಿ ಇನ್ನೂ ಹಳೆಯ ಫೈಲೇ ಓಡುತ್ತಿದೆ. ಅಲ್ಲಿಂದ ಈವರೆಗೆ ಒಂದು ದೂರೂ ಬಂದಿಲ್ಲ. ಅಲ್ಲಿ ಯಾರನ್ನು ಕಳ್ಳರೆಂದು ಕಳಿಸಿದ್ದಾರೋ ಯಾರಿಗೆ ಗೊತ್ತು. ತಾಂಡೂರಿನ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಹತ್ತಿದ.