ಇಪ್ಪತ್ತೊಂದು ಶನಿವಾರದ ಸಂಜೆಗಳು

ಎಲ್ನಾಥನ್ ಹಬೆಲ್ ಸತ್ತಾಗ ಫಿಲಡೆಲ್ಫಿಯದ ಪತ್ರಿಕೆಗಳಲ್ಲಿ ಒಂದಕ್ಷರವೂ ಬರಲಿಲ್ಲ. ಹಾಗಾಗಿ ಅವನ ಬಗ್ಗೆ ನಾನೇ ಬರೆಯಬೇಕಾಯಿತು, ಬೀದಿಯಲ್ಲಿ ಬೋಟಿ ಸಾರು ಮಾರುವ ಹೆಂಗಸು ಕೆಜಾಯಾ. ಅಕ್ಷರ ಕಲಿತದ್ದು ತಡವಾಗಿ, ಆದರೆ ಕಣ್ಣು ಮೊದಲಿನಿಂದಲೂ ಚುರುಕು.

ಅವನು ಕನೆಕ್ಟಿಕಟ್ ಕಡೆಯವನು. ಅವರಿಗೆ ಭಾನುವಾರದ ಸಬ್ಬತ್, ಅಂದರೆ ಯಾವ ಕೆಲಸವನ್ನೂ ಮುಟ್ಟಬಾರದ ದೇವರ ದಿನ, ಶನಿವಾರ ಸೂರ್ಯ ಮುಳುಗಿದ ಕೂಡಲೇ ಶುರು. ಆಮೇಲೆ ಅವನ ತಾಯಿ ತಟ್ಟೆ ಸಹ ತೊಳೆಯುತ್ತಿರಲಿಲ್ಲವಂತೆ. ನಮ್ಮೂರಿನ ಭಾನುವಾರ ಮಧ್ಯರಾತ್ರಿಗೆ ಹುಟ್ಟುತ್ತದೆ. ನಡುವಿನ ಈ ಐದಾರು ಗಂಟೆ ಅವನ ಬಾಳನ್ನೇ ತಿಂದುಹಾಕಿತು.

ಇಂಗ್ಲಿಷರ ಮೇಲಿನ ಯುದ್ಧದಲ್ಲಿ ಅವನು ಸಿಪಾಯಿ. ಒಂದು ಚಳಿಗಾಲ ಸಂಬಳವಿಲ್ಲದೆ, ಕಾಲಿಗೆ ಚಿಂದಿ ಸುತ್ತಿಕೊಂಡು ಹಿಮದಲ್ಲಿ ನಿಂತಿದ್ದ. ಸರಕಾರದ ಹಣಕಾಸು ನೋಡುತ್ತಿದ್ದವರು ಆಂಬ್ರೋಸ್ ವೇನ್ ಸಾಹುಕಾರರು. ಖಜಾನೆ ಬರಿದಾಗಿತ್ತು. ಅವರು ಸ್ವಂತ ಸಹಿ ಹಾಕಿದ ಸಾಲದ ಚೀಟಿಗಳ ಮೇಲೆ ದಂಡಿಗೆಲ್ಲ ಬೂಟು ಕೊಡಿಸಿದರು. ಎಲ್ನಾಥನ್ ಅದೇ ಬೂಟಿಗೆ ಅಟ್ಟೆ ಹಾಕಿಸಿ ಹಾಕಿಸಿ ಹದಿನೇಳು ವರ್ಷ ಮೆಟ್ಟಿದ.

ಆ ಬೂಟಿನಲ್ಲೇ ಹೋಗಿ ವೇನ್ ಅವರನ್ನು ಹಿಡಿಯಬೇಕಾದ ದಿನ ಬಂತು. ಯುದ್ಧ ಗೆದ್ದ ಮೇಲೆ ಸಾಹುಕಾರರು ಸಾಲ ಮಾಡಿ ಕಂಡ ಕಂಡ ಕಾಡನ್ನೆಲ್ಲ ಕೊಂಡು ಮುಳುಗಿದ್ದರು. ಎಲ್ನಾಥನ್ ಆಗ ಪೇದೆ, ಸಾಲ ತೀರಿಸದವರನ್ನು ಸೆರೆಮನೆಗೆ ಒಯ್ಯುವ ವಾರಂಟು ಅವನ ಕೈಯಲ್ಲಿ. ಕಾನೂನಿನ ಚಂದ ನೋಡಿ: ಬಾಗಿಲು ಒಡೆಯುವಂತಿಲ್ಲ, ಆಸಾಮಿ ಹೊರಗೆ ಬಂದಾಗ ಪೇದೆ ಅವನ ಮೈ ಮುಟ್ಟಬೇಕು, ಭಾನುವಾರ ಮುಟ್ಟುವಂತಿಲ್ಲ. ಹೀಗಾಗಿ ಸಾಹುಕಾರರು ಒಳಗೆ, ಇವನು ಬಾಗಿಲಲ್ಲಿ, ಸಾಲ ಕೊಟ್ಟವರೆಲ್ಲ ಅಂಗಳದಲ್ಲಿ ಬೆಂಕಿ ಹಾಕಿಕೊಂಡು. ನನಗೆ ವ್ಯಾಪಾರವೋ ವ್ಯಾಪಾರ.

ಎರಡನೇ ವಾರಕ್ಕೇ ಇವನ ಸಬ್ಬತ್ ಸಂಗತಿ ವೇನ್ ಅವರಿಗೆ ಗೊತ್ತಾಯಿತು. ಶನಿವಾರ ಸೂರ್ಯ ಮುಳುಗುವುದೇ ತಡ, ದಪ್ಪ ಹೊಟ್ಟೆ ಮುಂದೆ ಮಾಡಿಕೊಂಡು ಹೊರಗೆ ಬಂದು, ಇವನ ಪಕ್ಕದಲ್ಲೇ ಕೂತು ಸಾರು ಕುಡಿದರು.

ಸಾಲ ಕೊಟ್ಟ ಬಡಗಿಯೊಬ್ಬ ಹಲ್ಲು ಕಡಿದ. "ಮುಟ್ಟಯ್ಯ ಅವ್ರನ್ನ! ಇನ್ನೂ ಶನಿವಾರ!"

"ನನಗಲ್ಲ," ಅಂದ ಎಲ್ನಾಥನ್. "ನನಗೀಗ ಸಬ್ಬತ್."

"ಯಾರು ಹೇಳಿದ್ದು?"

"ನಮ್ಮಮ್ಮ. ಬೇಕಾದ್ರೆ ಕೇಳು, ಸ್ವರ್ಗದಲ್ಲಿದ್ದಾಳೆ."

ಇಪ್ಪತ್ತು ಶನಿವಾರ ಹೀಗೇ ನಡೆಯಿತು. ಕೊನೆಗೆ ಪೇದೆಗಳ ಮೇಲಧಿಕಾರಿ ಶೆರೀಫ್ ಹೇಳಿಕಳಿಸಿದ: ಬರುವ ಶನಿವಾರದೊಳಗೆ ಹಿಡಿದು ತರದಿದ್ದರೆ ಪೇದೆ ಕೆಲಸ ಹೋಯಿತು. ಎಲ್ನಾಥನ್‌ಗೆ ಬೇರೆ ಕಸುಬು ಗೊತ್ತಿರಲಿಲ್ಲ. ನನಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಅಡುಗೆಮನೆ ಕಿಟಕಿಯಲ್ಲಿ ಸಾರು ಕೊಡುವಾಗ ವೇನ್ ಅವರಿಗೆ ಹೇಳಿಯೇಬಿಟ್ಟೆ.

ಆ ಶನಿವಾರ ಸೂರ್ಯ ಇನ್ನೂ ಮನೆಗಳ ಸೂರಿನಂಚಿನಲ್ಲಿರುವಾಗಲೇ ಬಾಗಿಲು ತೆರೆಯಿತು.

"ಮುಟ್ಟು," ಅಂದರು ವೇನ್.

ಎಲ್ನಾಥನ್ ಬೆಚ್ಚಿಬಿದ್ದ. "ಒಳಗೆ ಹೋಗಿ ಸ್ವಾಮಿ! ಇನ್ನೂ ಬಿಸಿಲಿದೆ!"

"ಗೊತ್ತು ಕಣಯ್ಯ. ಬೇಗ ಮುಟ್ಟಿ ಕೆಲಸ ಉಳಿಸ್ಕೊ."

"ಕಾಲಲ್ಲಿ ನೀವು ಕೊಟ್ಟ ಬೂಟಿದೆ. ಕೈ ಏಳಲ್ಲ."

"ಹಾಗಾದ್ರೆ ನಾನೇ ಬಂದು ತಗಲಿಕೊಳ್ತೀನಿ!"

ಎಲ್ನಾಥನ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಓಡಿದ. ಹಿಡಿಸಿಕೊಳ್ಳಬೇಕಾದವರು ಪೇದೆಯನ್ನು ಅಟ್ಟಿಸಿಕೊಂಡು ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ಹಂಡೆಯ ಸುತ್ತಲೇ ಏಳು ಸುತ್ತು. ಸಾಲ ಕೊಟ್ಟವರು ಸಾಹುಕಾರರಿಗೇ ಹುರುಪು ಕೊಟ್ಟರು: "ಬಿಡಬೇಡಿ ಸ್ವಾಮಿ! ಎಡಕ್ಕೆ! ಎಡಕ್ಕೆ!" ಕೊನೆಗೆ ವೇನ್ ಏದುಸಿರು ಬಿಡುತ್ತಾ ಅವನ ಭುಜ ಹಿಡಿದರು. ಎಲ್ನಾಥನ್ ಪಡುವಣ ಕಡೆ ನೋಡಿ ನಕ್ಕ.

"ಮುಳುಗಿಹೋಯ್ತು ಸ್ವಾಮಿ."

ಸೋಮವಾರ ಹೊಸ ಪೇದೆ ಬಂದ. ವೇನ್ ತಾವಾಗಿಯೇ ಹೊರಗೆ ಬಂದು ಭುಜ ಒಡ್ಡಿದರು.

ಕೆಲಸ ಕಳೆದುಕೊಂಡ ಎಲ್ನಾಥನ್ ನನ್ನ ಸಾರಿನ ಗಾಡಿ ತಳ್ಳಲು ಬಂದ. ಆಳು ಚಿನ್ನದಂಥವನು. ಆದರೆ ಶನಿವಾರ ಸಂಜೆ, ನನ್ನ ವ್ಯಾಪಾರ ಏರುವ ಹೊತ್ತಿಗೆ ಸರಿಯಾಗಿ, ಸೂರ್ಯ ಮುಳುಗಿದಾಗ ಎಲ್ಲಿದ್ದನೋ ಅಲ್ಲೇ ಗಾಡಿ ಬಿಟ್ಟು ಕೈಕಟ್ಟಿ ನಿಲ್ಲುತ್ತಿದ್ದ. ಬೈದು ಬೈದು ನನ್ನ ಬಾಯಿ ಸೋತಿತು.

ಮೂರು ವರ್ಷದ ಮೇಲೆ ದಿವಾಳಿಯವರ ಪರವಾಗಿ ಕಾನೂನು ಬಂದು ವೇನ್ ಅವರನ್ನು ಸೆರೆಮನೆಯಿಂದ ಬಿಟ್ಟರು. ಯಾರಿಗೂ ಒಂದು ಕಾಸು ತೀರಿಸಲಿಲ್ಲ, ತೀರಿಸಲು ಇರಲೂ ಇಲ್ಲ. ಮೊದಲ ಶನಿವಾರವೇ, ಬೀದಿ ನಡುವೆ ನಿಂತಿದ್ದ ನಮ್ಮ ಗಾಡಿಯ ಹತ್ತಿರ ಬಂದು ಕೋಟು ಬಿಚ್ಚಿದರು.

"ನಿನ್ನಿಂದ ಇಪ್ಪತ್ತೊಂದು ಸಂಜೆ ತಗೊಂಡಿದ್ದೀನಿ ಎಲ್ನಾಥನ್. ಸರಿ ಆ ಕಡೆ."

ದೇಶದ ಖಜಾನೆ ನಡೆಸಿದ ಮನುಷ್ಯ "ಬಿಸಿ ಬಿಸಿ ಬೋಟಿ ಸಾರೂ!" ಎಂದು ಕೂಗುತ್ತಾ ಗಾಡಿ ತಳ್ಳಿದರು. ಎಲ್ನಾಥನ್ ಪಕ್ಕದಲ್ಲೇ ಕೈಕಟ್ಟಿ ನಡೆಯುತ್ತಾ ಅಳುತ್ತಿದ್ದ. ಸಬ್ಬತ್‌ನಲ್ಲಿ ಅಳುವುದಕ್ಕೆ ಅಡ್ಡಿಯಿಲ್ಲವಂತೆ.

ಇಪ್ಪತ್ತೆರಡನೇ ಶನಿವಾರವೂ ಬಂದರು.

"ಹೋದ ವಾರವೇ ತೀರ್ತಲ್ಲ ಸ್ವಾಮಿ?" ಅಂದ ಎಲ್ನಾಥನ್.

"ಬಡ್ಡಿ ಬೇಡ್ವೇನಯ್ಯ?"

ಆ ಬಡ್ಡಿಯನ್ನು ನಾಲ್ಕು ವರ್ಷ, ಸಾಯುವ ವಾರದವರೆಗೂ ಕಟ್ಟಿದರು. ಅವರನ್ನು ಮಣ್ಣು ಮಾಡಿದ ಮೇಲಿನ ಶನಿವಾರ ನಾವಿಬ್ಬರೇ ಹೊರಟೆವು. ಸೂರ್ಯ ಮುಳುಗಿತು. ಎಲ್ನಾಥನ್ ಗಾಡಿ ಬಿಡಲಿಲ್ಲ, ತಳ್ಳುತ್ತಲೇ ಇದ್ದ.

"ಏ, ಮುಳುಗ್ತು ಕಣೋ," ಅಂದೆ.

"ಗೊತ್ತು ಕಣಕ್ಕ," ಅಂದ. "ಬೂಟಿನ ಸಾಲ ಇನ್ನೂ ಹಾಗೇ ಇದೆ. ಅಮ್ಮಂಗೆ ನಾನು ಹೇಳ್ಕೋತೀನಿ."