ನೀಲಿಯಾದ ಆರತಿ ನೀರು

ಅರಿಸಿನದ ನೀರಿಗೆ ಸುಣ್ಣ ಬಿದ್ದೊಡನೆ ಏಳುತ್ತದಲ್ಲ, ಒಂದು ಹಸಿ ವಾಸನೆ... ಕಳೆದ ವಾರ ಬೋಗಾದಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಗೃಹಪ್ರವೇಶದಲ್ಲಿ ಅದು ಅಡುಗೆಮನೆಯವರೆಗೂ ಬಂತು. ಬಾಗಿಲಲ್ಲಿ ಆರತಿಗೆ ಓಕುಳಿ ನೀರು ಕಲಸುತ್ತಿದ್ದರು. ನಾನು ಒಳಗೆ ಹೊಸ ಗ್ರಾನೈಟ್ ಕಟ್ಟೆಗೆ ಒರಗಿ ನಿಂತಿದ್ದೆ. ಎಲ್ಲರೂ ಬಾಗಿಲ ಬಳಿ ಇರುವಾಗ ನಾನೊಬ್ಬಳೇ ಅಲ್ಲೇಕೆ ನಿಂತಿದ್ದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಕೆಮಿಸ್ಟ್ರಿ ಮೇಡಂ ಕಣ್ಣ ಮುಂದೆ ಬಂದರು.

ತೊಂಬತ್ತರ ದಶಕದಲ್ಲಿ ಬಿ.ಎಸ್ಸಿ.ಯಲ್ಲಿ ಅವರು ನನಗೆ ಪಾಠ ಹೇಳಿದ್ದರು. ಮುಂದೆ ಅದೇ ಮಹಿಳಾ ಕಾಲೇಜಿಗೆ ನಾನು ಜೀವಶಾಸ್ತ್ರ ಕಲಿಸಲು ಸೇರಿದಾಗಲೂ ಅವರಿಗೆ ನಾನು ಹಳೇ ಹುಡುಗಿಯೇ. ನಾನು ತೊಳೆದಿಟ್ಟ ಬೀಕರನ್ನು ಕಿಟಕಿಗೆ ಹಿಡಿದು ನೋಡಿ, "ಇದನ್ನ ತೊಳ್ದಿದ್ದೀಯೋ, ಇಲ್ಲ ಬರೀ ನೀರು ತೋರಿಸಿದ್ದೀಯೋ?" ಎನ್ನುತ್ತಿದ್ದರು. ಆ ಮಾತಿಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಎಲ್ಲೆಲ್ಲೂ ನ್ಯಾನೋ ಎಂಬ ಮಾತು. ವಿಜ್ಞಾನ ಅಕಾಡೆಮಿಯೊಂದು ಕಾಲೇಜುಗಳಿಗೆ ದೊಡ್ಡ ವಿಜ್ಞಾನಿಗಳನ್ನು ಕಳಿಸಿ ಉಪನ್ಯಾಸ ಏರ್ಪಡಿಸುತ್ತಿತ್ತು. ವೈದ್ಯಕೀಯದಲ್ಲಿ ನ್ಯಾನೋ ತಂತ್ರಜ್ಞಾನ ಎಂಬ ವಿಷಯದ ಮೇಲಿನ ಕಾರ್ಯಕ್ರಮವನ್ನು ನಮ್ಮ ಕಾಲೇಜಿಗೆ ತರಲು ಮೇಡಂ ತಿಂಗಳುಗಟ್ಟಲೆ ಬೆನ್ನು ಬಿದ್ದರು. ಅದಕ್ಕೊಂದು ಕಾರಣವಿತ್ತು. ಅವರ ಯಜಮಾನರು ಹಿಂದಿನ ವರ್ಷವಷ್ಟೇ ಕ್ಯಾನ್ಸರಿನಿಂದ ಹೋಗಿದ್ದರು. ಔಷಧಿ ಮೈಯನ್ನೆಲ್ಲ ಸುಡದೆ ಗೆಡ್ಡೆಗೆ ಮಾತ್ರ ತಲುಪುವ ದಾರಿ ಹುಡುಕುತ್ತಿದ್ದಾರಂತೆ ಎಂದು ಎಲ್ಲೋ ಓದಿದ್ದರು. "ನಮ್ಮ ಹುಡ್ಗೀರು ಇದನ್ನ ಕೇಳ್ಬೇಕು ಕಣೇ. ಒಬ್ಳಾದ್ರೂ ಮುಂದೆ ಅದನ್ನ ಮಾಡ್ಲಿ," ಎಂದಿದ್ದರು.

ವೇದಿಕೆಯ ಮೇಲೆ ತೋರಿಸಲೆಂದು ಅವರೇ ಚಿನ್ನದ ದ್ರಾವಣ ತಯಾರಿಸಿದರು. ಚಿನ್ನದ ಲವಣವನ್ನು ನೀರಲ್ಲಿ ಕುದಿಸಿ ಇನ್ನೊಂದು ಲವಣ ಹಾಕಿದರೆ ನೀರು ಮೆಲ್ಲಗೆ ದಾಳಿಂಬೆ ರಸದ ಬಣ್ಣಕ್ಕೆ ತಿರುಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು ದೂರ ದೂರ ಇರುವವರೆಗೆ ಕೆಂಪು, ಒಂದಕ್ಕೊಂದು ಅಂಟಿಕೊಂಡರೆ ನೀಲಿ. ಬಣ್ಣ ಬದಲಾಗುವುದನ್ನು ನೋಡಿಯೇ ರೋಗ ಪತ್ತೆ ಮಾಡುವ ಪರೀಕ್ಷೆಗಳಿಗೆ ಇದೇ ಬುನಾದಿ. ಚಿಟಿಕೆ ಉಪ್ಪು ಹಾಕಿ ನೀಲಿ ಮಾಡಿ ತೋರಿಸುವುದು ಅವರ ಯೋಜನೆ. ಹಲವು ಸಲ ಕೆಟ್ಟು, ಕೊನೆಗೆ ಸರಿಯಾದ ಕೆಂಪು ಬಂದ ದಿನ ಅವರು ನನ್ನ ಕೈ ಹಿಡಿದು ಚಿಕ್ಕ ಮಗುವಿನಂತೆ ಕುಣಿದದ್ದು ನೆನಪಿದೆ.

ಸ್ವಾಗತ ಸಮಿತಿಯ ಸಭೆಯಲ್ಲಿ, ಬಾಗಿಲಲ್ಲಿ ಅತಿಥಿಗಳನ್ನು ಆರತಿ ಎತ್ತಿ ಎದುರುಗೊಳ್ಳಲು ತಾನೂ ನಿಲ್ಲುತ್ತೇನೆ ಎಂದರು ಮೇಡಂ. ಕೂಡಲೇ ಫಿಸಿಕ್ಸ್ ಮೇಡಂ ಬಲು ಮೃದುವಾಗಿ, "ನೀವು ಒಳಗಿಂದು ನೋಡ್ಕೊಳಿ ಮೇಡಂ. ನಿಮಗ್ಯಾಕೆ ಸುಮ್ನೆ ಆಯಾಸ?" ಎಂದರು. ಆರತಿಯ ಜಾಗದಲ್ಲಿ ವಿಧವೆ ಬೇಡ ಎಂಬುದನ್ನು ಅಷ್ಟು ನಯವಾಗಿ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ. "ಸರಿ ಕಣ್ರೀ," ಎಂದು ಮೇಡಂ ಮುಂದಿನ ವಿಷಯಕ್ಕೆ ಹೋದರು.

ಕಾರ್ಯಕ್ರಮದ ದಿನ ಬೆಳಿಗ್ಗೆ ಬೆಂಗಳೂರಿನಿಂದ ಹಿರಿಯ ವಿಜ್ಞಾನಿಯ ಕಾರು ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟಿತು. ಗಡಿಬಿಡಿಯೋ ಗಡಿಬಿಡಿ. ತಟ್ಟೆ, ವೀಳ್ಯದೆಲೆ, ಕರ್ಪೂರ ಎಲ್ಲ ನಮ್ಮ ಕೆಮಿಸ್ಟ್ರಿ ಲ್ಯಾಬಿನಲ್ಲೇ ಇದ್ದವು. ಫಿಸಿಕ್ಸ್ ಮೇಡಂ ಅಲ್ಲಿಗೆ ಓಡಿದರು. ಮೇಜಿನ ಮೇಲೆ ಬೀಕರಿನಲ್ಲಿ ಕೆಂಪು ನೀರು ಕಂಡಿತು. ಯಾರೋ ಓಕುಳಿ ಕಲಸಿಟ್ಟಿದ್ದಾರೆ ಎಂದುಕೊಂಡು ತಟ್ಟೆಗೆ ಸುರಿದುಕೊಂಡರು. ಬಣ್ಣ ತೆಳುವಾಯಿತು ಅನ್ನಿಸಿರಬೇಕು. ಅರಿಸಿನದ ನೀರು ಕೆಂಪೇರಲು ನಾವೆಲ್ಲ ಮಾಡುವುದನ್ನೇ ಅವರೂ ಮಾಡಿದರು. ಬಾಗಿಲಿಗೆ ಬಂದ ಮೇಲೆ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಕದಡಿದರು.

ನಾನು ಪಕ್ಕದಲ್ಲೇ ಇದ್ದೆ. ಅತಿಥಿಯ ಮುಖದ ಮುಂದೆ ತಟ್ಟೆ ಒಂದು ಸುತ್ತು ಬಂತು. ಕೆಂಪು ನೇರಳೆಯಾಯಿತು. ಇನ್ನೊಂದು ಸುತ್ತು ಮುಗಿಯುವ ಮುಂಚೆ ನೀರೆಲ್ಲ ಕಡುನೀಲಿ!

"ಅಯ್ಯಯ್ಯೋ, ಆರತಿ ನೀರು ನೀಲಿ ಆಗ್ಬುಡ್ತು ಕಣ್ರೀ!" ಎಂದು ಯಾರೋ ಕಿರುಚಿದರು. ಫಿಸಿಕ್ಸ್ ಮೇಡಂ ತಟ್ಟೆಯನ್ನು ಹಿಂದಕ್ಕೆ ಸೆಳೆದ ರಭಸಕ್ಕೆ ಕರ್ಪೂರ ನೀರಿಗೆ ಬಿತ್ತು. ನನ್ನ ಬೆನ್ನ ಹಿಂದೆ ಒಬ್ಬರು, ಅವರೂ ವಿಜ್ಞಾನದ ಉಪನ್ಯಾಸಕಿಯೇ, ಪಿಸುಗುಟ್ಟಿದರು: "ಆಯಮ್ಮನ ಲ್ಯಾಬಿಂದ ತಂದಿದ್ದಲ್ವಾ... ಅವರ ಕೈ ಸೋಕಿದ್ರೆ ಇನ್ನೇನಾಗುತ್ತೆ?"

ನಾನು ಗಕ್ಕನೆ ಹಿಂದೆ ತಿರುಗಿದೆ. ನೀರು ನೀಲಿಯಾದದ್ದಕ್ಕಲ್ಲ, ಆ ಮಾತಿಗೆ. ನೋಡಿದರೆ ಬಿಳಿ ಕೋಟು ತೊಟ್ಟು ನಮ್ಮ ಮೇಡಂ ಅಲ್ಲೇ ನಿಂತಿದ್ದಾರೆ. ಮಾತು ಅವರ ಕಿವಿಗೆ ಬಿದ್ದಿತ್ತು.

ಅವರು ಮುಂದೆ ಬಂದು ತಟ್ಟೆ ನೋಡಿದರು. "ಸುಣ್ಣ ಹಾಕಿದ್ರಾ?" ಎಂದರು. ದನಿ ತುಸುವೂ ಅಲುಗಲಿಲ್ಲ. "ಇದು ಓಕುಳಿ ಅಲ್ಲ, ಚಿನ್ನ. ಸುಣ್ಣ ಬಿದ್ದು ಕಣ ಎಲ್ಲ ಅಂಟ್ಕೊಂಡಿವೆ. ಉಪ್ಪಿನಲ್ಲಿ ತೋರಿಸ್ಬೇಕು ಅಂತಿದ್ದೆ. ಸುಣ್ಣದಲ್ಲೇ ಆಯ್ತು." ವಿಜ್ಞಾನಿಗೆ ಖುಷಿಯೋ ಖುಷಿ. ಇಷ್ಟು ಚೆನ್ನಾದ ಪ್ರಾತ್ಯಕ್ಷಿಕೆಯನ್ನು ತಾನು ಎಲ್ಲೂ ನೋಡಿಲ್ಲ ಎಂದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ಪಿಸುಗುಟ್ಟಿದವರೂ ತಟ್ಟಿದರು. ಸದ್ಯ, ಮರ್ಯಾದೆ ಉಳಿಯಿತು ಎಂದು ನಾನು ಉಸಿರು ಬಿಟ್ಟೆ.

ಅಷ್ಟರಲ್ಲಿ ಪ್ರಿನ್ಸಿಪಾಲರು, "ಅರ್ಧಕ್ಕೆ ನಿಲ್ಲಬಾರದು, ಬೇರೆ ನೀರು ಕಲಸಿ," ಎಂದರು. ಅರಿಸಿನ ಬಂತು, ಸುಣ್ಣ ಬಂತು. ಈಗಷ್ಟೇ ಎಲ್ಲರಿಗೂ ಎಲ್ಲ ಅರ್ಥವಾಗಿತ್ತು. ಇನ್ನು ಮೇಡಂ ಅಲ್ಲಿ ನಿಂತರೆ ಯಾರು ಏನನ್ನಲು ಸಾಧ್ಯ? ನಾನು ಅವರಿಗೆ ಜಾಗ ಬಿಡಲು ಪಕ್ಕಕ್ಕೆ ಸರಿದೆ. ಅವರು ಇರಲಿಲ್ಲ. ಕಾರಿಡಾರಿನ ಕೊನೆಯಲ್ಲಿ ಅವರ ಬೆನ್ನು ಮಾತ್ರ ಕಂಡಿತು, ಲ್ಯಾಬಿನ ಕಡೆಗೆ ಹೋಗುತ್ತಿತ್ತು.

ಸಂಜೆ ಬೀಕರು ತೊಳೆಯುತ್ತಾ ನಿಂತಿದ್ದವರನ್ನು ಕೇಳಿಯೇಬಿಟ್ಟೆ. "ಆಮೇಲೆ ಯಾರೂ ಏನೂ ಅಂದಿರ್ಲಿಲ್ವಲ್ಲ ಮೇಡಂ, ಯಾಕೆ ಹೊರಟು ಹೋದ್ರಿ?"

ಅವರು ತೊಳೆದ ಬೀಕರನ್ನು ಕಿಟಕಿಗೆ ಹಿಡಿದು ನೋಡಿದರು. "ಅವರು ಹೇಳೋಕೆ ಮುಂಚೆ ನಾನೇ ಹೋಗ್ಬುಟ್ರೆ, ಅದು ನನ್ನಿಷ್ಟ ಅನ್ಸುತ್ತೆ ಕಣೇ," ಎಂದರು.

ನನಗೆ ಸಿಟ್ಟು ಬಂತು. ಅವರ ಮೇಲೇ ಬಂತು. ಅಷ್ಟು ಓದಿದವರು, ಅಷ್ಟು ಗಟ್ಟಿಗಿತ್ತಿ, ಹೀಗೂ ಸೋಲುತ್ತಾರೆಯೇ ಎಂದು ರಾತ್ರಿಯೆಲ್ಲ ಕುದ್ದೆ...

ಮೇಡಂ ತೀರಿಕೊಂಡು ವರ್ಷಗಳಾದವು. ಕಳೆದ ಚಳಿಗಾಲದಲ್ಲಿ ನನ್ನ ಯಜಮಾನರೂ ಹೋದರು. ಗೃಹಪ್ರವೇಶಕ್ಕೆ ಕರೆದ ಹುಡುಗಿ ಅಂದು ಚಪ್ಪಾಳೆ ತಟ್ಟಿದವರಲ್ಲಿ ಒಬ್ಬಳು. ಈಗ ಕ್ಯಾನ್ಸರ್ ಔಷಧಿಯ ಮೇಲೇ ಸಂಶೋಧನೆ ಮಾಡುತ್ತಾಳೆ. ಮೇಡಂ ಬಯಸಿದ ಆ ಒಬ್ಬಳು ಇವಳೇ ಎಂದು ಆ ಅಡುಗೆಮನೆಯಲ್ಲಿ ನಿಂತು ಅವರಿಗೆ ಹೇಳಬೇಕೆನಿಸಿತು, ಹೇಳಲು ಅವರಿಲ್ಲ.

ಅಷ್ಟರಲ್ಲಿ ಅವಳೇ ಬಾಗಿಲಿಂದ ಕೂಗಿದಳು, "ಮೇಡಂ, ಎಲ್ಲಿದ್ದೀರಿ? ನೀವೇ ಬಂದು ಆರತಿ ಮಾಡ್ಬೇಕು, ಬನ್ನಿ!"

ನಾನು ಕಟ್ಟೆ ಹಿಡಿದುಕೊಂಡೆ. ಅಲ್ಲಿ ಯಾರೂ ನನ್ನನ್ನು ಒಳಗೆ ಹೋಗು ಎಂದಿರಲಿಲ್ಲ. ನಾನೇ ಬಂದು ನಿಂತಿದ್ದೆ.