ಪೋಲೆಂಡಿನ ಹೆಂಗಸು ಜೋಳದಲ್ಲಿ ಬರೆದ ಊರು

ಎಂದೂ ಕಾಣದ ಊರೊಂದು ನಿಮ್ಮ ಮನೆಯ ಗುಟ್ಟು ಹೇಳಿದ್ದುಂಟೇ? ನಗಬೇಡಿ. ಇಂಥದ್ದು ಕೇಳಿದಾಗ ಮೊದಲು ನಾನೂ ನಗುತ್ತಿದ್ದೆ. ದೆವ್ವ, ಶಕುನ, ಹಿಂದಿನ ಜನ್ಮ ಯಾವುದನ್ನೂ ನಂಬಿದವಳಲ್ಲ.

ಎರಡನೇ ಮಹಾಯುದ್ಧದ ಕಾಲ. ಪೋಲೆಂಡಿನಿಂದ ಊರು ಬಿಟ್ಟು ಬಂದ ಜನರ ಕ್ಯಾಂಪು ಕೊಲ್ಲಾಪುರದ ಹತ್ತಿರ ಇತ್ತು. ಅವರಲ್ಲಿ ಕೆಲವರು ಗೋಕಾಕ ಫಾಲ್ಸ್ ನೋಡಲು ಹೊರಟಿದ್ದರು. ಇದ್ದಲಿ ಉರಿಸಿ ಓಡಿಸುವ ಆಗಿನ ಬಸ್ಸು ಹುಕ್ಕೇರಿ ದಾಟಿ ನಮ್ಮೂರ ಮುಂದೆ ಕೆಟ್ಟು ನಿಂತಿತು. ಅದರಿಂದಿಳಿದ ಒಬ್ಬ ಹೆಂಗಸು ನಮ್ಮ ಅಂಗಳಕ್ಕೆ ಬಂದು, ಕೊಲ್ಲಾಪುರದ ಸಂತೆಯಲ್ಲಿ ಕಲಿತ ಮರಾಠಿಯಲ್ಲಿ ನೀರು ಕೇಳಿದಳು. ನಮ್ಮ ಕಡೆ ಎಲ್ಲರಿಗೂ ಅಷ್ಟಿಷ್ಟು ಮರಾಠಿ ಬರುತ್ತದೆ.

ಕೊರಳಲ್ಲಿ ಲಿಂಗ, ಬಾಯಲ್ಲಿ ಬಸವಣ್ಣ. ಆದರೂ ಹೊರಗಿನವರು ಮುಟ್ಟಿದ ಪಾತ್ರೆ ನಮ್ಮ ಅಡಿಗೆಮನೆಗೆ ವಾಪಸು ಬರುತ್ತಿರಲಿಲ್ಲ. ಕೊಟ್ಟಮೇಲೆ ಒಡೆದು ಹಾಕಬಹುದಾದ ಹಳೆ ಮಡಕೆಯನ್ನು ನನ್ನ ಕಾಕಿ, ಚಿಕ್ಕಪ್ಪನ ಹೆಂಡತಿ, ಹುಡುಕತೊಡಗಿದಳು.

"ಬಿಸಿಲಾಗ ನಿಂತಾಳ, ಲಗೂ ಕೊಡ್ರಿ," ಎಂದೆ.

"ತಾಮ್ರದ ತಂಬಿಗಿ ಕೊಟ್ರ ಆಮ್ಯಾಲೆ ಬೆಂಕ್ಯಾಗ ಕಾಸಿ ತಿಕ್ಕೋರು ಯಾರು, ನೀನೇನ?" ಎಂದು ಕಾಕಿ ನನ್ನನ್ನೇ ಗದರಿದಳು.

ಅಷ್ಟರಲ್ಲಿ ಆ ಹೆಂಗಸು ಅಂಗಳದಲ್ಲಿ ಒಣಹಾಕಿದ್ದ ಜೋಳದ ಮುಂದೆ ಕುಳಿತು, ಬೆರಳಿನಿಂದ ತನ್ನ ಊರು ಬರೆಯುತ್ತಿದ್ದಳು. ತಿರುಗಿ ಹೋಗುವ ಹೊಳೆ, ದಿಬ್ಬದ ಮೇಲೆ ಚರ್ಚು, ಕೆಳಗೆ ಮನೆಗಳ ಸಾಲು. ಎರಡೂ ಕಡೆಯಿಂದ ದಂಡು ಬರುತ್ತಿತ್ತಂತೆ, ರಾಜರು ಬದಲಾಗುತ್ತಿದ್ದರಂತೆ, ಇವರು ಮಾತ್ರ ಅದೇ ಹೊಲ ಉಳುತ್ತಿದ್ದರಂತೆ. ಕೊನೆಗೊಂದು ಚಳಿಗಾಲದಲ್ಲಿ ದಂಡಿನವರು ಇವರನ್ನೇ ಎಬ್ಬಿಸಿ ರೈಲಿಗೆ ಹಾಕಿ ಒಯ್ದರಂತೆ.

ಕಾಕಿ ಬಗ್ಗಿ ನೋಡಿ ನಕ್ಕಳು. "ಯವ್ವಾ, ಇದು ನಮ್ಮೂರ ಅಲ್ಲೇನ! ಹೊಳಿ ಇಲ್ಲೇ ಹೊಳ್ಳತೈತಿ, ದಿಬ್ಬದ ಮ್ಯಾಲೆ ಗುಡಿ. ಮತ್ತ ಇದು ನಮ್ಮನಿ!"

ಕಾಕಿ ತೋರಿಸಿದ ಮನೆಯ ಹಿಂದೆಯೇ ಆಕೆ ಬೆರಳಿನಿಂದ ಕುಳಿ ಮಾಡಿ, ಅದರೊಳಗೆ ಹಿಡಿ ಜೋಳ ಸುರಿದು ಮುಚ್ಚಿದಳು. ಬಾವಿ ಎಂದಳು. ಅವಳ ಅಜ್ಜನ ಕಾಲದ ಬರದಲ್ಲಿ, ದಾರಿಹೋಕರು ಕೇಳದೆ ನೀರು ಸೇದಿದರೆಂದು ಊರ ಹಿರಿಯರು ಮುಚ್ಚಿಸಿದರಂತೆ.

"ಇಲ್ಲಿ ತಪ್ಪಿದಿ ನೋಡವಾ," ಎಂದಳು ಕಾಕಿ. "ನಮ್ಮ ಹಿತ್ತಲದಾಗ ಬಾವಿ ಎಲ್ಲೈತಿ?"

"ಐತಿ," ಎಂದ ಕಟ್ಟೆಯ ಮೇಲಿದ್ದ ನನ್ನ ಅಜ್ಜ.

ಅಜ್ಜ ಹೇಳಿದ್ದು ನಾವು ಯಾರೂ ಹುಟ್ಟಿರದ ಕಾಲದ ಬರದ ಮಾತು. ಹಸಿದು ಬಂದ ಜನ ನಮ್ಮ ಬಾವಿಯಲ್ಲಿ ಕೊಡ ಇಳಿಸಿದ್ದರು. ಬಾವಿ ಮೈಲಿಗೆಯಾಯಿತೆಂದು ನಮ್ಮ ಮನೆಯ ಹಿರಿಯರು ಅವರ ಕಣ್ಣೆದುರೇ ಕಲ್ಲುಮಣ್ಣು ತುಂಬಿದರು. "ನಾನೂ ಕಲ್ಲು ಹೊತ್ತೇನಿ," ಎಂದ ಅಜ್ಜ. ತನ್ನ ಮಕ್ಕಳಿಗೂ ಹೇಳಿರಲಿಲ್ಲ.

ಕಾಕಿ ತಲೆ ತಗ್ಗಿಸಿ ಅದನ್ನೆಲ್ಲ ಮರಾಠಿಯಲ್ಲಿ ತಿಳಿಸಿದಳು. ಆ ಜನ ಆಮೇಲೆ ಎಲ್ಲಿ ಹೋದರೆಂದು ಹೆಂಗಸು ಕೇಳಿದಳು.

"ಗೊತ್ತಿಲ್ಲ ತಂಗಿ. ಯಾರೂ ಹೊಳ್ಳಿ ನೋಡಲಿಲ್ಲ."

ಅಜ್ಜ ತಾನೇ ಒಳಹೋಗಿ, ತಾನು ಕುಡಿಯುವ ತಂಬಿಗೆಯಲ್ಲಿ ನೀರು ತಂದ. ಎರಡೂ ಕೈಯಿಂದ ಕೊಟ್ಟ. ಆಕೆ ಗಟಗಟ ಕುಡಿದು, ಬಸ್ಸಿನ ಹಾರ್ನ್ ಕೇಳಿ ಎದ್ದು ಹೋದಳು. ಹೆಸರನ್ನೂ ನಾವು ಕೇಳಲಿಲ್ಲ.

ಹೊಳೆ, ದಿಬ್ಬ ಎಲ್ಲ ಊರಿಗೂ ಇರುತ್ತವೆ, ಇದೇನು ಮಹಾ ಎಂದರು, ಆಮೇಲೆ ಇದನ್ನು ಕೇಳಿದ ಊರ ಸಾಲಿ ಮಾಸ್ತರರು. ಇರಬಹುದು. ಆದರೆ ಆಕೆ ಬೆರಳಿಟ್ಟಲ್ಲೇ ಬಾವಿ ಹೇಗೆ ಬಂತು? ನನಗೆ ಇವತ್ತಿಗೂ ಗೊತ್ತಿಲ್ಲ. ನೆನೆದಾಗಲೆಲ್ಲ ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಗುತ್ತದೆ.

ನಿಮ್ಮ ಹಿತ್ತಲಿನಲ್ಲಿ ಏನು ಮುಚ್ಚಿದ್ದಾರೆ? ಮನೆಯ ಹಿರಿಯರನ್ನು ಕೇಳಿ ನನಗೂ ಬರೆಯಿರಿ. ಹೆಸರು ಬೇಡ, ಖರೆ ಇದ್ದದ್ದು ಇದ್ದಹಾಗೆ ಬರೆದರೆ ಸಾಕು.